ಹಾಡು ಕೇಳಲು ಹೋಗಿ ಚಪ್ಪಾಳೆ ಕೊಟ್ಟು ಬಂದವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಟಿ.ವಿ. ಕಾರ್ಯಕ್ರಮಗಳ ಚಿತ್ರೀಕರಣಕ್ಕೆ ಪ್ರೇಕ್ಷಕರಾಗಿ ಹೋಗುವ ವಿಷಯವಾಗಿ ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಒಟ್ಟಿಗೆ ಐದು ಪತ್ರಗಳು ಬಂದಿವೆ. ಹೆಡ್‌ಫೋನ್ ತಲೆಗೇರಿಸಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟುಡಿಯೊಗಳಲ್ಲಿ, ಚಿತ್ರೀಕರಣದ ಹೊತ್ತಿನಲ್ಲಿ ವೇದಿಕೆಯ ಬಳಿಯ ಕೆಲಸವನ್ನೆಲ್ಲ ನಿಭಾಯಿಸುವ ಫ್ಲೋರ್ ಮ್ಯಾನೇಜರನಾಗಿ ನಿಂತವನು ಎಂಬ ಕಾರಣಕ್ಕೆ ಸಂಪಾದಕರು ಅವನ್ನೆಲ್ಲ ನನ್ನ ಕಡೆಗೆ ದಾಟಿಸಿದ್ದಾರೆ. ಮೊದಲನೆಯ ಪತ್ರದಲ್ಲಿ ಉಳಿದವರ ಪ್ರಶ್ನೆಗಳೂ ಅರ್ಧಕ್ಕರ್ಧ ಅಡಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡುವ ಬೆಂಗಳೂರಿನ ಒಂದು ಬ್ಯಾಂಡ್ ಎಂದರೆ ನನಗೂ ನನ್ನ ತಮ್ಮನಿಗೂ ಪ್ರಾಣ. ಹಬ್ಬದ ವಿಶೇಷ ಕಾರ್ಯಕ್ರಮವೊಂದಕ್ಕೆ ಅವರ ಹಾಡಿನ ಚಿತ್ರೀಕರಣ ಇದೆ ಎಂದು ತಿಳಿದು, ಚಾನೆಲ್‌ನವರು ಕೇಳಿದ ವಿವರ ಕಳುಹಿಸಿ ಎರಡು ಪಾಸ್ ಪಡೆದೆವು. ಮಧ್ಯಾಹ್ನ ಹನ್ನೆರಡಕ್ಕೆ ಹಾಜರಿರಬೇಕೆಂದು ಅದರಲ್ಲಿ ಬರೆದಿತ್ತು. ಹಿಂದಿನ ರಾತ್ರಿ ರೈಲು ಹತ್ತಿ ಹೋದೆವು. ಅವ್ವ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನೂ ನಮ್ಮ ಫೋನುಗಳನ್ನೂ ಗೇಟಿನಲ್ಲೇ ಇಡಿಸಿಕೊಂಡರು. ಬ್ಯಾಂಡ್ ವೇದಿಕೆಗೆ ಬಂದದ್ದು ಸಂಜೆ ಏಳೂವರೆಗೆ. ಒಂದೇ ಹಾಡನ್ನು ಮೂರು ಸಲ ನುಡಿಸಿದರು. ಮೂರನೆಯ ಸಲ ಡ್ರಮ್ಸ್‌ನ ಕಂಚಿನ ತಟ್ಟೆಗಳಿಗೆ ಬಟ್ಟೆ ಸುತ್ತಿತ್ತು, ಗಿಟಾರಿನ ವಯರ್ ಎಲ್ಲಿಗೂ ಸೇರಿರಲಿಲ್ಲ. ಹಾಡು ಸ್ಪೀಕರಿನಿಂದ ಬರುತ್ತಿತ್ತು, ಅವರು ಬಾಯಿ ಆಡಿಸುತ್ತಿದ್ದರು. ನಡುವೆ ನಮ್ಮನ್ನು ಎರಡನೆಯ ಸಾಲಿನಿಂದ ಎಬ್ಬಿಸಿ ಏಳನೆಯ ಸಾಲಿಗೆ ಕಳುಹಿಸಿದರು. ವೇದಿಕೆ ಖಾಲಿ ಇದ್ದಾಗಲೂ ಚಪ್ಪಾಳೆ ಹೊಡೆಸಿದರು. ರಾತ್ರಿ ಎಂಟೂವರೆಯ ಸುಮಾರಿಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ತಪ್ಪಿತು. ಮೂರು ವಾರಗಳ ನಂತರ ಕಾರ್ಯಕ್ರಮ ಪ್ರಸಾರವಾದಾಗ, ನಾನು ನಗುತ್ತ ಚಪ್ಪಾಳೆ ಹೊಡೆಯುವ ದೃಶ್ಯವನ್ನು ನಾನು ಕೇಳಿಯೇ ಇರದ ಹಾಸ್ಯನಟರೊಬ್ಬರ ಮಾತಿಗೆ ಜೋಡಿಸಿದ್ದರು. ಆ ದಿನ ನಾನು ನನ್ನ ಬ್ಯಾಂಡನ್ನು ಕೇಳಿದೆನೋ ಇಲ್ಲವೋ? ಇದನ್ನು ಮೋಸ ಎನ್ನಬಹುದೇ?
– ಒಬ್ಬ ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ಕೇಳಿದ್ದೀರಿ, ಅದೂ ಎರಡು ಸಲ. ಮೂರನೆಯ ಸಲ ನೀವು ಕಂಡದ್ದು ಹಾಡಿಕೆಯಲ್ಲ, ಹಾಡಿಕೆಯ ಚಿತ್ರ ತೆಗೆಯುವ ಕೆಲಸ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಆರಂಭವಾಯಿತು ಎಂದು ಅಲ್ಲಿದ್ದವರು ಒಂದು ಮಾತು ಹೇಳಿದ್ದರೆ ನಿಮ್ಮ ಮನಸ್ಸಿಗೆ ಇಷ್ಟು ಕಹಿಯಾಗುತ್ತಿರಲಿಲ್ಲ. ನಮ್ಮ ಕಸುಬಿನವರಿಗೆ ಆ ಒಂದು ಮಾತು ಹೇಳುವ ಅಭ್ಯಾಸವೇ ಇಲ್ಲ. ಹೆಡ್‌ಫೋನಿನಲ್ಲಿ ಕಂಟ್ರೋಲ್ ರೂಮಿನಿಂದ ನಾಲ್ವರು ಒಟ್ಟಿಗೆ ಮಾತಾಡುತ್ತಿರುವಾಗ ಎದುರಿಗೆ ಕುಳಿತ ಇನ್ನೂರು ಜನ ಕುರ್ಚಿಗಳ ಹಾಗೆಯೇ ಕಾಣಲು ಆರಂಭವಾಗುತ್ತದೆ. ನನಗೂ ಹಾಗೆ ಕಂಡದ್ದುಂಟು.

ಮೂರು ಸಲ ಏಕೆ ಎಂಬುದನ್ನು ಮೊದಲು ನೋಡೋಣ. ಇಡೀ ವೇದಿಕೆಯನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವ ಕ್ಯಾಮೆರಾ ದೂರದಲ್ಲಿರುತ್ತದೆ. ಉದ್ದನೆಯ ತೋಳಿನ ತುದಿಯಲ್ಲಿ ಕುಳಿತು ನಿಮ್ಮ ತಲೆಯ ಮೇಲೆ ಹಾರಾಡುವ ‘ಜಿಮ್ಮಿ ಜಿಬ್’ ಕ್ಯಾಮೆರಾ ಕೂಡ ಅದೇ ಕೆಲಸ ಮಾಡುತ್ತದೆ. ಆದರೆ ನೋಡುವವರಿಗೆ ಗಿಟಾರ್ ವಾದಕನ ಬೆರಳು, ಗಾಯಕನ ಕಣ್ಣು, ಡ್ರಮ್ಸ್ ನುಡಿಸುವವನ ಬೆವರು ಕೂಡ ಬೇಕು. ಅದಕ್ಕೆ ಕ್ಯಾಮೆರಾ ಹೊತ್ತವರು ವೇದಿಕೆಯ ಮೇಲೇ ಹತ್ತಬೇಕು, ಹತ್ತಿದರೆ ದೂರದ ಚಿತ್ರದಲ್ಲಿ ಅವರೇ ಅಡ್ಡ ಬರುತ್ತಾರೆ. ಆದ್ದರಿಂದ ಮೊದಲನೆಯ ಸಲ ದೂರದ ಚಿತ್ರಗಳನ್ನೂ ಎರಡನೆಯ ಸಲ ಹತ್ತಿರದ ಚಿತ್ರಗಳನ್ನೂ ತೆಗೆದು ಆಮೇಲೆ ಸಂಕಲನದಲ್ಲಿ ಕೂಡಿಸುತ್ತಾರೆ. ಎರಡೂ ಸಲ ಹಾಡಿನ ವೇಗ ಕೂದಲೆಳೆಯಷ್ಟೂ ಬದಲಾಗಬಾರದು. ಬದಲಾದರೆ ಬೆರಳು ಒಂದು ಕಡೆ, ನಾದ ಒಂದು ಕಡೆ ಆಗುತ್ತದೆ. ಅದಕ್ಕಾಗಿ ವಾದಕರ ಕಿವಿಯಲ್ಲಿ ಗಡಿಯಾರದಂತೆ ಟಕ್ ಟಕ್ ಎನ್ನುವ ‘ಕ್ಲಿಕ್’ ಓಡುತ್ತಿರುತ್ತದೆ. ತತ್ವಪದದಂಥ ಹಾಡಿಕೆಗೆ ಇದು ನಿಜಕ್ಕೂ ಕಷ್ಟದ ಕಟ್ಟು. ಏಕತಾರಿ ಹಿಡಿದು ಹಾಡುವವರು ಒಂದು ಮಾತಿನ ಮೇಲೆ ಮನಸ್ಸು ಬಂದಷ್ಟು ಹೊತ್ತು ನಿಲ್ಲುತ್ತಾರೆ, ಕ್ಲಿಕ್ ಹಾಗೆ ನಿಲ್ಲಲು ಬಿಡುವುದಿಲ್ಲ. ಅದೇ ಬ್ಯಾಂಡ್ ಬಯಲು ವೇದಿಕೆಯಲ್ಲಿ ಹಾಡಿದಾಗ ಇದ್ದ ಬಿಸುಪು ಟಿ.ವಿ.ಯಲ್ಲಿ ತುಸು ಕಡಿಮೆ ಅನಿಸಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಮೂರನೆಯ ಸಲದ ಮೂಕಾಭಿನಯಕ್ಕೆ ಬಂದರೆ, ಆಗ ಸ್ಪೀಕರಿನಿಂದ ಕೇಳಿದ ಹಾಡು ಎರಡು ಮೂಲಗಳಿಂದ ಬಂದಿರಬಹುದು. ಮೊದಲೆರಡು ಸಲ ನುಡಿಸಿದ್ದರಲ್ಲಿ ಯಾವುದು ಚೆನ್ನಾಗಿತ್ತೋ ಅದನ್ನೇ ಮೂಲವೆಂದು ಇಟ್ಟುಕೊಂಡು, ಅದನ್ನು ಮತ್ತೆ ಹಾಕಿ, ಅದಕ್ಕೆ ತಕ್ಕಂತೆ ಬಾಯಿ ಆಡಿಸಲು ಹೇಳಿ ಉಳಿದ ಕೋನಗಳಿಂದ ಚಿತ್ರ ತೆಗೆಯುವುದು ಒಂದು ಕ್ರಮ. ಹಾಗಿದ್ದರೆ ಆ ದನಿ ಅರ್ಧ ಗಂಟೆ ಮೊದಲು ನಿಮ್ಮೆದುರೇ ಹುಟ್ಟಿದ ದನಿ. ಬ್ಯಾಂಡ್‌ನವರು ತಮ್ಮ ಧ್ವನಿಮುದ್ರಣ ಸ್ಟುಡಿಯೊದಿಂದ ಸಿದ್ಧ ಹಾಡನ್ನೇ ತಂದು ಹಾಕುವುದು ಇನ್ನೊಂದು ಕ್ರಮ. ಇವೆರಡನ್ನು ಬೇರ್ಪಡಿಸಲು ನೀವು ಅಲ್ಲಿ ಇದ್ದವರಾದ್ದರಿಂದ ಒಂದು ಉಪಾಯವಿದೆ: ಮೊದಲನೆಯ ಸಲ ಗಾಯಕರು ಎಲ್ಲಾದರೂ ಉಸಿರು ಎಳೆದದ್ದು, ಒಂದು ಸಾಲನ್ನು ಹೆಚ್ಚಿಗೆ ಎಳೆದದ್ದು, ನಗು ತಡೆದದ್ದು ನಿಮಗೆ ನೆನಪಿದ್ದರೆ, ಪ್ರಸಾರವಾದ ಹಾಡಿನಲ್ಲಿ ಅದೇ ಜಾಗದಲ್ಲಿ ಅದು ಇದೆಯೇ ನೋಡಿ. ಇದ್ದರೆ ನಾಡಿನ ಎಲ್ಲ ಮನೆಗಳಲ್ಲಿ ಕೇಳಿದ್ದು ನೀವು ಕುಳಿತಿದ್ದ ಸಂಜೆಯ ಹಾಡು.

ಕಂಚಿನ ತಟ್ಟೆಗೆ ಬಟ್ಟೆ ಸುತ್ತಿದ್ದಕ್ಕೂ ಗುಟ್ಟೇನಿಲ್ಲ. ಡ್ರಮ್ಸ್‌ಗೆ ವಯರ್ ಬೇಕಿಲ್ಲ, ಬಡಿದರೆ ಸದ್ದು ಬಂದೇ ಬರುತ್ತದೆ. ಆ ಸದ್ದಿನಲ್ಲಿ ಸ್ಪೀಕರಿನ ಹಾಡು ಯಾರಿಗೂ ಕೇಳದೆ ಬಾಯಿಯ ಹೊಂದಾಣಿಕೆ ತಪ್ಪುತ್ತದೆ.

ಬಾಯಿ ಆಡಿಸುವುದರ ಬಗ್ಗೆ ನಮ್ಮ ಭಾಗದವರ ಸಂದೇಹ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಕನ್ನಡದ ಕಾರ್ಯಕ್ರಮಗಳು ಆಗ ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. 1977ರಲ್ಲಿ ಗುಲಬರ್ಗಾದಲ್ಲೇ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿನವರು ತಮ್ಮ ಕೇಂದ್ರಕ್ಕಾಗಿ 1981ರ ತನಕ ಕಾದರು ಎಂಬುದನ್ನು ನಾನು ಇಂದಿಗೂ ಅಲ್ಲಿಯ ಗೆಳೆಯರಿಗೆ ನೆನಪಿಸದೆ ಬಿಡುವುದಿಲ್ಲ. ಆಗ ನಾನು ನಾಲ್ಕನೆಯ ಇಯತ್ತೆ. ಶಾಲೆಯ ಪಡಸಾಲೆಯಲ್ಲಿಟ್ಟ ಪೆಟ್ಟಿಗೆಯ ಮುಂದೆ ಕುಳಿತ ನಮ್ಮ ಅಜ್ಜಿ, ಹಾಡುವವರೊಬ್ಬರನ್ನು ಬಹಳ ಹೊತ್ತು ನೋಡಿ, “ಅಂವ ಖರೇನ ಹಾಡ್ಲಾಕತ್ತಾನೇನು, ಬರೇ ಬಾಯಿ ಆಡಿಸ್ಲಾಕತ್ತಾನೇನು?” ಎಂದು ಕೇಳಿದ್ದಳು. ನಾನು ಮುಂದೆ ಮಾಡಿದ ಕೆಲಸದಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ನಿರ್ದೇಶಕರೂ ಕೇಳಲಿಲ್ಲ.

ಜಗತ್ತಿನ ದೊಡ್ಡ ಚಾನೆಲ್‌ಗಳಲ್ಲೂ ಇದಕ್ಕೆ ಒಂದೇ ಉತ್ತರವಿಲ್ಲ. ಬಿಬಿಸಿಯಲ್ಲಿ 1964ರಿಂದ 2006ರವರೆಗೆ ಪ್ರತಿ ವಾರ ನಡೆದ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ಬಹುಕಾಲ ಬಾಯಿ ಆಡಿಸುವುದೇ ರೂಢಿಯಾಗಿತ್ತು. ಅದೇ ಬಿಬಿಸಿಯಲ್ಲಿ 1992ರಿಂದ ಬರುತ್ತಿರುವ ಜೂಲ್ಸ್ ಹಾಲಂಡ್ ಅವರ ಕಾರ್ಯಕ್ರಮದಲ್ಲಿ ಬ್ಯಾಂಡ್‌ಗಳು ಸ್ಟುಡಿಯೊದ ಸುತ್ತಲೂ ತಮ್ಮ ತಮ್ಮ ವಾದ್ಯಗಳೊಂದಿಗೆ ನಿಂತು ಒಂದಾದ ಮೇಲೊಂದು ನಿಜವಾಗಿಯೇ ನುಡಿಸುತ್ತವೆ. ನಮ್ಮ ರಘು ದೀಕ್ಷಿತ್ ಮತ್ತು ಸಂಗಡಿಗರು 2010ರಲ್ಲಿ ಹಾಡಿದ್ದು ಅಲ್ಲಿಯೇ. ಹೀಗೆ ನಿಜವಾಗಿ ನುಡಿಸುವುದಕ್ಕೆ ಹೆಚ್ಚು ಮೈಕು, ಹೆಚ್ಚು ಧ್ವನಿ ತಂತ್ರಜ್ಞರು, ಹೆಚ್ಚು ಸಮಯ ಬೇಕು. ಒಂದು ಡ್ರಮ್ಸ್ ಸೆಟ್‌ಗೇ ಏಳೆಂಟು ಮೈಕು ಕೂಡಿಸಬೇಕಾಗುತ್ತದೆ. ಒಂದೇ ದಿನದಲ್ಲಿ ನೃತ್ಯ, ಹಾಸ್ಯ, ಸನ್ಮಾನ, ಬ್ಯಾಂಡ್ ಎಲ್ಲವನ್ನೂ ಮುಗಿಸಬೇಕಾದ ಹಬ್ಬದ ವಿಶೇಷ ಕಾರ್ಯಕ್ರಮದವರು ನಿಮ್ಮ ಬ್ಯಾಂಡಿಗೆ ಎರಡು ಸಲವಾದರೂ ನಿಜವಾಗಿ ನುಡಿಸಲು ಅವಕಾಶ ಕೊಟ್ಟಿದ್ದಾರೆ ಎಂದರೆ, ನನ್ನ ಮಟ್ಟಿಗೆ ಅದು ಅವರ ಖಾತೆಯಲ್ಲಿ ಜಮಾ ಆಗಬೇಕಾದ ಮಾತು.

ಹನ್ನೆರಡಕ್ಕೆ ಕರೆದು ಏಳೂವರೆಯವರೆಗೆ ಕೂಡಿಸಿದ್ದಕ್ಕೆ ಮಾತ್ರ ನಾನು ಅವರ ಪರ ವಾದಿಸಲಾರೆ. ಪ್ರೇಕ್ಷಕರನ್ನು ಬೇಗ ಕರೆಯುವುದಕ್ಕೆ ಕಾರಣಗಳಿವೆ: ತಪಾಸಣೆ ಆಗಬೇಕು, ಮುಖಗಳ ಮೇಲೆ ಬೆಳಕು ಹೊಂದಿಸಬೇಕು, ಯಾವ ಕಲಾವಿದರು ಮೊದಲು ಬರುತ್ತಾರೆ ಎಂಬುದು ಕೊನೆಯ ಗಳಿಗೆಯವರೆಗೆ ತೀರ್ಮಾನವಾಗಿರುವುದಿಲ್ಲ. ಆದರೆ ಏಳೂವರೆ ಗಂಟೆ ಕೂಡಿಸುವುದಾದರೆ ಊಟ, ನೀರು, ಶೌಚಕ್ಕೆ ಬಿಡುವು, ಮುಗಿಯುವ ಸಮಯದ ಅಂದಾಜು ಇವನ್ನು ಕೊಡಲೇಬೇಕು. ರೊಟ್ಟಿಯ ಬುತ್ತಿಯನ್ನು ಗೇಟಿನಲ್ಲಿ ಇಡಿಸಿಕೊಂಡು ಒಳಗೆ ಏನನ್ನೂ ಕೊಡದಿರುವುದನ್ನು ಸ್ಟುಡಿಯೊ ನಿಯಮ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ. ಆಹಾರ ಒಳಗೆ ಬಿಡದಿರುವುದು ಸರಿ, ನೆಲದ ತುಂಬ ಕೇಬಲ್‌ಗಳಿರುತ್ತವೆ; ಹೊರಗೆ ಕುಳಿತು ತಿಂದು ಬನ್ನಿ ಎನ್ನಲು ಏನಡ್ಡಿ?

ನಿಮ್ಮದೂ ಒಂದು ತಪ್ಪಿದೆ ಎಂದರೆ ಬೇಸರಿಸಬೇಡಿ. ಚಿತ್ರೀಕರಣದ ದಿನವೇ ಹಿಂದಿರುಗುವ ರೈಲಿಗೆ ಟಿಕೆಟ್ ಮಾಡಿಸಬಾರದಿತ್ತು. ಸ್ಟುಡಿಯೊಗಳು ಬಹುಪಾಲು ಊರ ಹೊರವಲಯದಲ್ಲಿರುತ್ತವೆ; ಸಂಜೆಯ ವಾಹನ ದಟ್ಟಣೆಯಲ್ಲಿ ಅಲ್ಲಿಂದ ಮೆಜೆಸ್ಟಿಕ್ ಸೇರುವುದೇ ಒಂದು ಪ್ರಯಾಣ. 2024ರ ಮಾರ್ಚ್‌ನಲ್ಲಿ ಆರಂಭವಾದ ವಂದೇ ಭಾರತ್ ಕಲಬುರಗಿಯಿಂದ ನಸುಕಿನಲ್ಲಿ ಹೊರಟರೂ ಬೆಂಗಳೂರು ಸೇರುವುದು ಮಧ್ಯಾಹ್ನವಾದ್ದರಿಂದ ಹನ್ನೆರಡರ ಹಾಜರಿಗೆ ಅದು ಒದಗುವುದಿಲ್ಲ, ಆದರೆ ಮರುದಿನ ಮಧ್ಯಾಹ್ನ ಅಲ್ಲಿಂದ ಹೊರಟು ರಾತ್ರಿ ಊರು ಮುಟ್ಟಲು ಅನುಕೂಲವಾಗುತ್ತದೆ. ವಾರದ ಎಲ್ಲ ದಿನ ಓಡುವುದಿಲ್ಲವಾದ್ದರಿಂದ ಮೊದಲೇ ವೇಳಾಪಟ್ಟಿ ನೋಡಿಕೊಳ್ಳಬೇಕು. ರಾತ್ರಿ ತಂಗಲು ನೆಂಟರ ಮನೆಯೋ ನಂಬಿಕೆಯ ವಸತಿಯೋ ಗೊತ್ತಾಗದೆ ಹೊರಡಬಾರದು.

ಎರಡನೆಯ ಸಾಲಿನಿಂದ ಏಳನೆಯದಕ್ಕೆ ಕಳುಹಿಸಿದ್ದು ನಿಮ್ಮ ಊರನ್ನೋ ಉಡುಪನ್ನೋ ನೋಡಿ ಎಂದು ನೀವು ಭಾವಿಸಿರುವಂತಿದೆ. ಹಾಗೆ ಆಗುವುದೇ ಇಲ್ಲ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಮುಂದಿನ ಸಾಲುಗಳಲ್ಲಿ ಪ್ರಾಯೋಜಕರ ಕಡೆಯವರನ್ನು, ದಿನದ ಸಂಭಾವನೆಗೆ ಬಂದ ಪ್ರೇಕ್ಷಕರನ್ನು ಕೂಡಿಸುವುದು ಸಾಮಾನ್ಯ. ಹೌದು, ದೊಡ್ಡ ಕಾರ್ಯಕ್ರಮಗಳಿಗೆ ಜನರನ್ನು ಒದಗಿಸುವ ಸಂಯೋಜಕರಿದ್ದಾರೆ, ಅವರು ತಂದ ಜನರಿಗೆ ಕೂಲಿ ಇರುತ್ತದೆ. ಆದರೆ ಎದ್ದು ಹೋದವರ ಖಾಲಿ ಕುರ್ಚಿ ಚಿತ್ರದಲ್ಲಿ ಕಾಣಬಾರದೆಂದು, ಇಬ್ಬರು ಎತ್ತರದವರು ಕ್ಯಾಮೆರಾಗೆ ಅಡ್ಡವಾದರೆಂದು, ಒಂದೇ ಬಣ್ಣದ ಅಂಗಿಗಳು ಒಂದೆಡೆ ಸೇರಿದವೆಂದು ಜನರನ್ನು ಎಬ್ಬಿಸಿ ಕೂಡಿಸುವುದೂ ಅಷ್ಟೇ ಸಾಮಾನ್ಯ.

ಇನ್ನು ಆ ಚಪ್ಪಾಳೆ. ಹಾಡುವಾಗ ವೇದಿಕೆಯ ಮೈಕುಗಳಿಗೆ ನಿಮ್ಮ ಸದ್ದು ತಾಗಬಾರದು. ಆದ್ದರಿಂದ ಚಪ್ಪಾಳೆ, ನಗು, ಅಚ್ಚರಿಗಳನ್ನು ಬೇರೆಯಾಗಿ ಕೂಡಿಸಿಟ್ಟುಕೊಳ್ಳುತ್ತಾರೆ. ಅದಕ್ಕೇ ಖಾಲಿ ವೇದಿಕೆ ನೋಡಿ ನೀವು ಚಪ್ಪಾಳೆ ಹೊಡೆದದ್ದು. ಅದನ್ನು ಎಲ್ಲಿ ಬೇಕಾದರೂ ಅಂಟಿಸಬಹುದು. ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ಮುಖಭಾವವನ್ನು ಒಮ್ಮೆ ಸಾರಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದಾಗ ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡರಂತೆ. ನಿಮ್ಮ ನಗು ಹಾಸ್ಯನಟರ ಪಕ್ಕ ಕುಳಿತದ್ದು ಅದೇ ಜಾತಿಯ ಕೆಲಸ. ಗೇಟಿನಲ್ಲಿ ನೀವು ಸಹಿ ಹಾಕಿದ ಕಾಗದದಲ್ಲಿ ನಿಮ್ಮ ಚಿತ್ರವನ್ನು ಹೇಗೆ ಬೇಕಾದರೂ ಬಳಸಲು ಒಪ್ಪಿಗೆ ಎಂಬ ಸಾಲು ಬಹುಶಃ ಇದ್ದಿತು, ಓದಲು ಯಾರೂ ಸಮಯ ಕೊಟ್ಟಿರಲಾರರು.

ಮೋಸವೇ ಎಂದು ಕೇಳಿದ್ದೀರಿ. ಮುದ್ರಿತ ಹಾಡನ್ನು ‘ನೇರ ಪ್ರಸಾರ’ ಎಂದು ಬರೆದು ತೋರಿಸಿದ್ದರೆ ಮೋಸ. ಹಾಗೆ ಬರೆಯದಿದ್ದರೆ ಅದು ಸಿನಿಮಾದಂತೆಯೇ ಒಂದು ಕಟ್ಟುವಿಕೆ. ಬ್ಯಾಂಡಿನವರ ಮೇಲೆ ನೀವು ಮುನಿಯಬೇಕಾದದ್ದೇನೂ ಇಲ್ಲ, ಅವರೂ ನಿಮ್ಮಂತೆಯೇ ಬೆಳಗಿನಿಂದ ಹಿಂಬದಿಯ ಕೋಣೆಯಲ್ಲಿ ಕಾದು ಕುಳಿತವರು. ನಿಮ್ಮನ್ನು ಕಾಯಿಸಿದ ರೀತಿಗೆ ಮೋಸ ಎನ್ನುವುದಕ್ಕಿಂತ ನಿರ್ಲಕ್ಷ್ಯ ಎಂಬ ಮಾತು ಹೊಂದುತ್ತದೆ, ಅದು ಹಗುರವಾದ ಮಾತೂ ಅಲ್ಲ. ಚಾನೆಲ್‌ಗೆ ಒಂದು ಪತ್ರ ಬರೆಯಿರಿ. ಕಾದ ಗಂಟೆಗಳನ್ನೂ ತಪ್ಪಿದ ರೈಲನ್ನೂ ತಾರೀಖಿನೊಂದಿಗೆ ಬರೆಯಿರಿ, ಹಾಡಿನ ವಿಷಯ ಅದರಲ್ಲಿ ತರಬೇಡಿ.

ಪ್ರಶ್ನೆ: ಹೈದರಾಬಾದಿನಲ್ಲಿ ನಡೆದ ಸಂಗೀತ ಕಾರ್ಯಕ್ರಮದ ಚಿತ್ರೀಕರಣಕ್ಕೆ ಪಾಸ್ ಇದ್ದರೂ ‘ಹೌಸ್‌ಫುಲ್’ ಎಂದು ನಮ್ಮನ್ನು ಬಾಗಿಲಿನಿಂದಲೇ ವಾಪಸು ಕಳುಹಿಸಿದರು. ಸೀಟು ಇಲ್ಲದೆ ಪಾಸ್ ಏಕೆ ಕೊಡಬೇಕು?
– ಒಬ್ಬ ಓದುಗರು, ಸೇಡಂ

ಉತ್ತರ: ಪಾಸ್ ಉಚಿತವಾದ್ದರಿಂದ ಪಡೆದವರಲ್ಲಿ ಎಷ್ಟೋ ಜನ ಬರುವುದಿಲ್ಲ, ಖಾಲಿ ಕುರ್ಚಿ ಕ್ಯಾಮೆರಾಗೆ ಎಲ್ಲಕ್ಕಿಂತ ಕೆಟ್ಟ ದೃಶ್ಯ. ಹಾಗಾಗಿ ಕುರ್ಚಿಗಳಿಗಿಂತ ಹೆಚ್ಚು ಪಾಸ್ ಹಂಚುವುದು ಬೇರೆ ದೇಶಗಳಲ್ಲೂ ಇದೆ. ಎಲ್ಲರೂ ಬಂದುಬಿಟ್ಟ ದಿನ ಕೊನೆಯಲ್ಲಿ ಬಂದವರು ಹೊರಗೆ ಉಳಿಯುತ್ತಾರೆ. ಸಣ್ಣ ಅಕ್ಷರದಲ್ಲಿ ‘ಮೊದಲು ಬಂದವರಿಗೆ ಆದ್ಯತೆ’ ಎಂದು ಪಾಸಿನ ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ, ಆ ಸಾಲನ್ನು ಮುಂಬದಿಗೆ ತಂದರೆ ಅರ್ಧ ಜಗಳ ತಪ್ಪುತ್ತದೆ. ಸ್ಟುಡಿಯೊ ಎಷ್ಟು ಚಿಕ್ಕ ಜಾಗ ಎಂಬುದನ್ನೂ ನಾವು ಮರೆಯುತ್ತೇವೆ. 1964ರ ಫೆಬ್ರುವರಿ 9ರಂದು ಬೀಟಲ್ಸ್ ಬ್ಯಾಂಡ್ ನ್ಯೂಯಾರ್ಕಿನ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಟಿ.ವಿ.ಯಲ್ಲಿ ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ; ಒಳಗೆ ಕೂರಲು ಬಂದ ಕೋರಿಕೆಗಳು 50,000ಕ್ಕೂ ಹೆಚ್ಚು; ಅಲ್ಲಿದ್ದ ಆಸನಗಳು 728. ಕ್ಯಾಮೆರಾ ತಿರುಗಿಸುವ ಕೋನದಿಂದ ಇನ್ನೂರು ಜನ ಇಡೀ ಜಾತ್ರೆಯಂತೆ ಕಾಣುತ್ತಾರೆ, ಅದನ್ನು ಮನೆಯಲ್ಲಿ ನೋಡಿ ನಾವು ಜಾಗ ಇದ್ದೇ ಇರುತ್ತದೆ ಎಂದು ಹೊರಡುತ್ತೇವೆ.

ಸೇಡಂನಿಂದ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ ಎಂಬುದು ನಿಮ್ಮ ಅದೃಷ್ಟ. ಹಾಜರಿಯ ಸಮಯಕ್ಕಿಂತ ಎರಡು ಗಂಟೆ ಮೊದಲೇ ಸಾಲಿನಲ್ಲಿ ನಿಂತಿರಿ.

ಪ್ರಶ್ನೆ: ದ್ವಿತೀಯ ಪಿಯುಸಿ ಓದುವ ಮಗಳಿಗೆ ಒಂದು ಗಾಯನ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ತನ್ನ ಮೆಚ್ಚಿನ ಬ್ಯಾಂಡ್ ಅತಿಥಿಯಾಗಿ ಬರುವುದನ್ನು ನೋಡುವ ಹಠ. ವಾಟ್ಸಾಪ್‌ನಲ್ಲಿ ಒಬ್ಬರು ತಲಾ 3,000 ರೂಪಾಯಿಗೆ ಪಾಸ್ ಕೊಡಿಸುವುದಾಗಿ ಹೇಳುತ್ತಿದ್ದಾರೆ. ಕೊಡಬಹುದೇ?
– ಒಬ್ಬ ತಂದೆ, ಶಹಾಪುರ

ಉತ್ತರ: ಕೊಡಬೇಡಿ. ಟಿ.ವಿ. ಚಿತ್ರೀಕರಣಕ್ಕೆ ಪ್ರೇಕ್ಷಕರೇ ಬೇಕಾಗಿರುತ್ತಾರೆ, ಅವರಿಂದ ಪ್ರವೇಶ ಶುಲ್ಕ ಪಡೆಯುವುದು ಸಾಮಾನ್ಯ ಕ್ರಮವಲ್ಲ. ಬಯಲಿನಲ್ಲಿ ಟಿಕೆಟ್ ಇಟ್ಟು ನಡೆಸುವ ಸಂಗೀತ ಕಾರ್ಯಕ್ರಮವನ್ನು ಟಿ.ವಿ. ಚಿತ್ರೀಕರಿಸಿದರೆ ಮಾತು ಬೇರೆ, ಆಗ ಟಿಕೆಟ್ ಎಲ್ಲರಿಗೂ ತೆರೆದ ಜಾಗದಲ್ಲೇ ಮಾರಾಟವಾಗುತ್ತದೆ. ವಾಟ್ಸಾಪ್‌ನಲ್ಲಿ ಒಬ್ಬರಿಗೆ ಮಾತ್ರ ಸಿಗುವ ಪಾಸು, ಹಣ ಹೋದ ಮೇಲೆ ಯಾರಿಗೂ ಸಿಗುವುದಿಲ್ಲ. ಈಗಾಗಲೇ ಮುಂಗಡ ಕಳುಹಿಸಿದ್ದರೆ ಸಂಕೋಚಪಡದೆ ತಕ್ಷಣ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಆನ್‌ಲೈನ್ ಹಣಕಾಸು ವಂಚನೆಗೆಂದೇ ಇರುವ ಸಹಾಯವಾಣಿ ಅದು, ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

ಮಗಳ ಹಠವನ್ನು ಪೂರ್ತಿ ತಳ್ಳಿಹಾಕಬೇಡಿ. ಚಾನೆಲ್‌ನವರು ತಮ್ಮ ಪರದೆಯ ಮೇಲೆಯೇ ಪ್ರೇಕ್ಷಕರಾಗಲು ಆಹ್ವಾನ ಕೊಡುವುದುಂಟು, ಅದನ್ನು ಗಮನಿಸಿ. ವಯಸ್ಸಿನ ಮಿತಿ ಇದ್ದರೆ ಪಾಸಿನಲ್ಲಿ ನಮೂದಿಸಿರುತ್ತಾರೆ. ಹದಿನೆಂಟು ತುಂಬದವರ ಜೊತೆ ಪಾಲಕರು ಇರಲೇಬೇಕು ಎಂಬುದನ್ನು ಅವರು ಹೇಳದಿದ್ದರೂ ನೀವೇ ನಿಯಮ ಮಾಡಿಕೊಳ್ಳಿ. ಪತ್ನಿಯನ್ನು ಜೊತೆಗೆ ಕಳುಹಿಸುವುದಾದರೆ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಇಬ್ಬರಿಗೂ ರಾಜ್ಯದೊಳಗೆ ಟಿಕೆಟ್ ಹಣ ಬೇಕಿಲ್ಲ; ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಶಹಾಪುರದಿಂದ ಬೆಂಗಳೂರಿನವರೆಗೆ ಇಡೀ ರಾತ್ರಿ ಕುಳಿತು ಪ್ರಯಾಣ ಮಾಡಿ, ಮರುದಿನ ಸ್ಟುಡಿಯೊದಲ್ಲಿ ಮತ್ತೆ ಎಂಟು ಗಂಟೆ ಕೂರುವುದು ಹದಿನೇಳರ ಹುಡುಗಿಗೆ ಸಾಧ್ಯವಾದರೂ ಅವಳ ತಾಯಿಗೆ ಆದೀತೇ ಎಂದು ಯೋಚಿಸಿ, ಯಾದಗಿರಿಗೆ ಹೋಗಿ ರೈಲು ಹಿಡಿಯುವುದೇ ಮೇಲು.

ಪ್ರಶ್ನೆ: ನಾನು ಕೊರಿಯಾದ ಬಿಟಿಎಸ್ ಎಂಬ ಹಾಡುಗಾರರ ತಂಡದ ಅಭಿಮಾನಿ. ಕೊರಿಯಾದಲ್ಲಿ ಅಭಿಮಾನಿಗಳು ಟಿ.ವಿ. ಚಿತ್ರೀಕರಣಕ್ಕೆ ನಸುಕಿನಲ್ಲೇ ಸಾಲು ನಿಲ್ಲುತ್ತಾರಂತೆ, ಹಾಡಿನ ನಡುವೆ ಒಟ್ಟಿಗೆ ಕೂಗುತ್ತಾರಂತೆ. ಇದು ನಿಜವೇ? ಕೆಲಸಕ್ಕೆ ಸೇರಿದ ಮೇಲೆ ಒಮ್ಮೆಯಾದರೂ ಹೋಗಬೇಕೆಂದಿದ್ದೇನೆ. ಮನೆಯಲ್ಲಿ ಹೇಳಿದರೆ ಹುಚ್ಚು ಎನ್ನುತ್ತಾರೆ.
– ಒಬ್ಬ ಪದವಿ ವಿದ್ಯಾರ್ಥಿನಿ, ಬೀದರ್

ಉತ್ತರ: ನಿಜ. ಅಲ್ಲಿ ವಾರದ ಸಂಗೀತ ಕಾರ್ಯಕ್ರಮಗಳು ಬೇರೆ ಬೇರೆ ಚಾನೆಲ್‌ಗಳಲ್ಲಿ ಸಾಲಾಗಿ ಬರುತ್ತವೆ: ಗುರುವಾರ ‘ಎಂ ಕೌಂಟ್‌ಡೌನ್’, ಶುಕ್ರವಾರ ‘ಮ್ಯೂಸಿಕ್ ಬ್ಯಾಂಕ್’, ಶನಿವಾರ ‘ಮ್ಯೂಸಿಕ್ ಕೋರ್’, ಭಾನುವಾರ ‘ಇಂಕಿಗಾಯೊ’. ಕಾರ್ಯಕ್ರಮ ನೇರವಾಗಿ ಪ್ರಸಾರವಾದರೂ ದೊಡ್ಡ ಸೆಟ್ ಬೇಕಾದ ಹಾಡುಗಳನ್ನು ಅದೇ ದಿನ ಮೊದಲೇ ಚಿತ್ರೀಕರಿಸಿ ಇಟ್ಟುಕೊಳ್ಳುತ್ತಾರೆ, ಆ ಚಿತ್ರೀಕರಣಗಳು ನಸುಕಿನಲ್ಲೂ ನಡೆಯುವುದರಿಂದ ಅಭಿಮಾನಿಗಳು ಕತ್ತಲಿರುವಾಗಲೇ ಬಂದು ನಿಲ್ಲುತ್ತಾರೆ. ಅಧಿಕೃತ ಅಭಿಮಾನಿ ಸಂಘದ ಸದಸ್ಯತ್ವ, ಹೊಸ ಆಲ್ಬಂ ಕೊಂಡಿರುವ ಗುರುತು, ಕೈಯಲ್ಲಿ ಆ ತಂಡದ ಬೆಳಕಿನ ಕೋಲು ಇವನ್ನು ನೋಡಿ ಒಳಗೆ ಬಿಡುವ ಪದ್ಧತಿಯಿದೆ. ಕೂಗುವುದು ಕೂಡ ಬಾಯಿಗೆ ಬಂದ ಕೂಗಲ್ಲ. ಯಾವ ಸಾಲಿನ ನಂತರ ಯಾವ ಸದಸ್ಯನ ಹೆಸರು ಹೇಳಬೇಕು ಎಂಬುದನ್ನು ಮೊದಲೇ ಪ್ರಕಟಿಸುತ್ತಾರೆ, ಅಭಿಮಾನಿಗಳು ಪಾಠದಂತೆ ಕಲಿತು ಬರುತ್ತಾರೆ. ಭಜನೆಯಲ್ಲಿ ಮುಂದಿನವರು ಒಂದು ಸಾಲು ಹೇಳಿದ ಮೇಲೆ ಹಿಂದಿನವರು ಪಲ್ಲವಿ ಎತ್ತುತ್ತಾರಲ್ಲ, ಅದನ್ನು ಕೇಳಿ ಬೆಳೆದವರಿಗೆ ಇದು ತೀರ ಪರಕೀಯವಾಗಿ ತೋರಬೇಕಿಲ್ಲ.

ಮೇಲಿನ ಕಲಬುರಗಿಯ ಓದುಗರಿಗೂ ಅಲ್ಲಿಯ ಅಭಿಮಾನಿಗಳಿಗೂ ಇರುವ ವ್ಯತ್ಯಾಸ ಇದರಲ್ಲೇ ಇದೆ. ತಾವು ಚಿತ್ರದ ಭಾಗ, ತಮ್ಮ ಕೂಗು ಹಾಡಿನ ಭಾಗ ಎಂದು ಅವರಿಗೆ ಗೊತ್ತಿರುತ್ತದೆ. ಮೂರು ನಾಲ್ಕು ಸಲ ಹಾಡಿದರೆ ಅವರು ಅದನ್ನು ಲಾಭವೆಂದೇ ಎಣಿಸುತ್ತಾರೆ. ಬೀದರಿನಿಂದ ಹೋಗುವುದಾದರೆ ವೀಸಾ ಬೇಕು, ಖರ್ಚು ದೊಡ್ಡದು, ಅಷ್ಟು ದೂರ ಹೋದರೂ ಒಳಗೆ ಪ್ರವೇಶ ಸಿಗುವ ಖಾತ್ರಿ ಇರುವುದಿಲ್ಲ. ಆದ್ದರಿಂದ ಚಿತ್ರೀಕರಣವೊಂದನ್ನೇ ನಂಬಿ ಟಿಕೆಟ್ ಮಾಡಿಸಬೇಡಿ. ಆ ದೇಶವನ್ನು ನೋಡುವ ಪ್ರವಾಸವೆಂದು ಹೊರಡಿ, ಒಳಗೆ ಬಿಟ್ಟರೆ ಸರಿ. ಹುಚ್ಚು ಎನ್ನುವವರಿಗೆ ಹೇಳಲು ನನ್ನಲ್ಲಿ ಉತ್ತರವಿಲ್ಲ. ರೇಡಿಯೊ ಸ್ಟೇಷನ್ನಿನ ಗೇಟಿನಲ್ಲಿ ಹಾಡುಗಾರರೊಬ್ಬರ ಮುಖ ನೋಡಲೆಂದು ಶಾಲೆ ತಪ್ಪಿಸಿ ನಿಂತದ್ದಕ್ಕೆ ನನಗೆ ಪೆಟ್ಟು ಬಿದ್ದಿತ್ತು.

ಪ್ರಶ್ನೆ: ಮಗ ನುಡಿಸುವ ಬ್ಯಾಂಡ್ ಟಿ.ವಿ.ಯಲ್ಲಿ ಬರುತ್ತದೆಂದು ಚಿತ್ರೀಕರಣಕ್ಕೆ ಹೋಗಿದ್ದೆವು. ನಾನು ಉಟ್ಟಿದ್ದು ಮದುವೆಯ ಕಾಲದ ಇಳಕಲ್ ಸೀರೆ. ಅಲ್ಲಿಯ ಹುಡುಗಿಯೊಬ್ಬಳು ಬಂದು, “ಆಂಟಿ, ಈ ಸೀರೆ ನಡೆಯೋದಿಲ್ಲ” ಎಂದು ಹೇಳಿ ಕಂದು ಬಣ್ಣದ ಶಾಲು ಹೊದಿಸಿದಳು. ಇಳಕಲ್ ಸೀರೆ ಅಷ್ಟು ಹಳ್ಳಿಯದಾಯಿತೇ?
– ಒಬ್ಬ ಓದುಗರು, ಹುಮನಾಬಾದ್

ಉತ್ತರ: ಅಕ್ಕಾ, ಆ ಹುಡುಗಿ ಹೇಳಬೇಕಾದದ್ದನ್ನು ಅರ್ಧಕ್ಕೆ ನುಂಗಿದ್ದಾಳೆ. ಅವಳಿಗೆ ಬೇಡವಾದದ್ದು ಸೀರೆಯ ಒಡಲಿನ ಸಣ್ಣ ಚೌಕಳಿ. ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಚುಕ್ಕೆಗಳು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಬಟ್ಟೆಯ ಗೆರೆಗಳೂ ಅಷ್ಟೇ ಒತ್ತಾಗಿದ್ದರೆ ಎರಡೂ ಸೇರಿ ಪರದೆಯ ಮೇಲೆ ಇಲ್ಲದ ಅಲೆಗಳು ಎದ್ದು ಮಿಣುಕುತ್ತವೆ. ಅಡುಗೆಮನೆಯ ಎರಡು ಹಿಟ್ಟಿನ ಜರಡಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ, ಅದೇ ಅಲೆ ಕಾಣುತ್ತದೆ. ಸಣ್ಣ ಗೆರೆಯ ಅಂಗಿ ತೊಟ್ಟು ಬಂದ ಮಂತ್ರಿಗಳಿಗೂ ನಾನು ಕೋಟು ಹಾಕಿಸಿದ್ದೇನೆ. ಅಚ್ಚ ಬಿಳಿ ಬಟ್ಟೆಯೂ ಬೆಳಕನ್ನು ಎಸೆದು ಮುಖವನ್ನು ಕಪ್ಪಾಗಿಸುತ್ತದೆ, ಹಿಂದೆ ಹಸಿರು ಪರದೆ ಕಟ್ಟಿದ್ದರೆ ಹಸಿರು ಸೀರೆಯುಟ್ಟವರ ಮೈಯೇ ಮಾಯವಾಗುತ್ತದೆ.

ಇಳಕಲ್‌ನ ಟೋಪ ತೆನಿ ಸೆರಗು ಮಾತ್ರ ಕ್ಯಾಮೆರಾಗೆ ಬಹಳ ಒಪ್ಪುವಂಥದ್ದು. ಕೆಂಪಿನ ಮೇಲೆ ದೊಡ್ಡ ಬಿಳಿಯ ತೆನೆಗಳು ದೂರದಿಂದಲೂ ಸ್ಪಷ್ಟವಾಗಿ ನಿಲ್ಲುತ್ತವೆ. ಮುಂದಿನ ಸಲ ಚೌಕಳಿ ಇಲ್ಲದ, ಒಂದೇ ಬಣ್ಣದ ಒಡಲಿನ ಇಳಕಲ್ ಉಟ್ಟು, ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದು ಕುಳಿತುಕೊಳ್ಳಿ. ಶಾಲು ಹಿಡಿದು ಯಾರೂ ಬರುವುದಿಲ್ಲ.